ಮೂಸಿ ಕೊಳ್ಳುವ ಕೃಷ್ಣಾಬಾಯಿ

ಮೂಗಿಗೆ ಹಿಡಿದು ನೋಡದೆ ಯಾವ ವಸ್ತುವನ್ನೂ ಕೊಳ್ಳದ ಗೃಹಿಣಿಯೊಬ್ಬರನ್ನು ನಾನು ಬಲ್ಲೆ. ಸಾಬೂನು, ಸೀಗೆಪುಡಿ, ಅಕ್ಕಿ, ಕಡೆಗೆ ಸಾಮಾನು ಕಟ್ಟಿಕೊಡುವ ಹಳೆಯ ಪತ್ರಿಕೆಯ ಹಾಳೆಯನ್ನೂ ಮೂಸಿ, ಕಣ್ಣು ಕಿರಿದು ಮಾಡಿ, ‘ಏನೇನ್ ಹಾಕ್ಯಾರ್ರಿ ಇದರಾಗ?’ ಎಂದು ಕೇಳುವ ಕೃಷ್ಣಾಬಾಯಿ ಪಣಜಿ ಕಡೆಯ ಗಣಿಯೂರು ಕುಡಚಡೆಯ ನನ್ನ ಕಿರಾಣಿ ಅಂಗಡಿಗೆ ಬಂದರೆಂದರೆ ಉಳಿದ ಗಿರಾಕಿಗಳು ನಿಟ್ಟುಸಿರು ಬಿಡುತ್ತಿದ್ದರು. ನನಗೂ ಮೈ ಉರಿಯುತ್ತಿತ್ತು. ‘ಬಾಯಾರ, ಮಾರೋದಷ್ಟ ನನ್ನ ಕೆಲಸ, ಮಾಡಿದವ್ರನ್ನ ಹೋಗಿ ಕೇಳ್ರಿ’ ಎಂದು ಒಮ್ಮೆ ಅಂದೇಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಸೆರಗಿನಿಂದ ಜೊತೆಗಿದ್ದ ಪುಟ್ಟ ಮಗಳ ಮೂಗು ಮುಚ್ಚಿ, ಅದಿರಿನ ಲಾರಿ ಎಬ್ಬಿಸಿದ ಕೆಂಧೂಳು ಇಳಿಯುವವರೆಗೆ ಕಾದು, ಮತ್ತೆ ಅದೇ ಪ್ರಶ್ನೆ ಕೇಳಿದರು.

ಎಂಬತ್ತರ ದಶಕದ ಕೊನೆಯ ಮಾತು ಇದು. ಧಾರವಾಡದ ಕಡೆಯವರು, ಗಂಡ ವಸಂತರಾಯರು ರೈಲ್ವೆ ಗುಮಾಸ್ತರು. ಒಬ್ಬಳೇ ಮಗಳು ತುಂಗಾ, ಅವಳಿಗೆ ದಮ್ಮಿನ ವ್ಯಾಧಿ. ಒಲೆಯ ಮೇಲೆ ಹಾಲಿಟ್ಟು ಬಂದವರ ನಡಿಗೆ ಬಾಯಿಯವರದು. ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆಯ ಚೀಲ. ಸೋಪಿನ ಪುಡಿ ಬೇಡ, ಅಂಟುವಾಳದ ಕಾಯಿ. ಓಣಿಯವರು ಅದನ್ನು ಜಿಪುಣತನವೆಂದರು, ಕೆಲವರು ಮಡಿಯೆಂದರು. ಖರೇ ಹೇಳಬೇಕೆಂದರೆ ಅದು ಶುದ್ಧ ಹೆದರಿಕೆ.

ಒಂದು ಮಳೆಗಾಲದಲ್ಲಿ ಸೊಳ್ಳೆಬತ್ತಿಯನ್ನು ಮೂಸಿ ಥಟ್ಟನೆ ಹಿಂದಿಟ್ಟರು. ‘ಇದು ವಿಷರೀ. ಎರದ ಮ್ಯಾಲೆ ನಮ್ಮವ್ವ ಕುಳ್ಳಿನ ಕೆಂಡದಾಗ ಲೋಬಾನ ಹಾಕಿ ಹೊಗಿ ಹಿಡೀತಿದ್ಲು. ನಾವೆಲ್ಲಾ ಗಟ್ಟಿ ಅದೀವಿ ನೋಡ್ರಿ.’ ಸಗಣಿಯ ಕುಳ್ಳು, ಲೋಬಾನ, ತವರಿನಿಂದ ತಂದ ಒಣ ಬೇವಿನೆಲೆ. ಮಣ್ಣಿನಲ್ಲಿ ಹುಟ್ಟಿ ಮಣ್ಣಿಗೇ ಸೇರುವ ಈ ನಿರಪರಾಧಿ ವಸ್ತುಗಳು ಕೂಸಿಗೆ ಕೇಡು ಬಗೆಯಲಾರವು ಎಂಬುದು ಅವರ ನಂಬಿಕೆ. ಆ ಸಂಜೆ ಮಳೆಗೆ ಬಾಗಿಲು ಕಿಟಕಿಗಳನ್ನೆಲ್ಲ ಹಾಕಿ, ತಲೆಗೆ ಎರೆದ ಮಗಳನ್ನು ಹೊಗೆಯ ಮುಂದೆ ಕೂರಿಸಿದರು. ತುಂಗಾಳ ಉಸಿರು ಕಟ್ಟಿತು, ತುಟಿ ನೀಲಿಗಟ್ಟಿತು. ವಸಂತರಾಯರು ಅವಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಅಂಗಡಿಯ ಮುಂದಿನಿಂದಲೇ ದವಾಖಾನೆಗೆ ಓಡಿದರು. ಹಿಂದೆ ಬಾಯಿಯವರು, ಬರಿಗಾಲಲ್ಲಿ, ತಲೆಗೂದಲು ಬಿಚ್ಚಿಕೊಂಡು. ಅಯ್ಯೋ ಶಿವನೇ, ನಾನೂ ಅಂಗಡಿ ತೆರೆದಿಟ್ಟೇ ಓಡಿದೆ. ಸೂಜಿ ಚುಚ್ಚಿದ ಮೇಲೆ ಕೂಸು ನಿಧಾನವಾಗಿ ಉಸಿರೆಳೆಯಿತು. ಬೆಳಗಾವಿ ಕಡೆಯ ಡಾಕ್ಟರು, ‘ಬೇವಿಂದಿರ್ಲಿ, ಬತ್ತೀದಿರ್ಲಿ, ಈ ಎದಿಗೆ ಹೊಗಿ ಅಂದ್ರ ಹೊಗೀನರೀ’ ಎಂದರು. ಬಾಯಿಯವರು ಹೊಗೆ ಹಿಡಿದ ತಮ್ಮ ಸೆರಗನ್ನು ಮೂಸಿ ನೋಡಿದರು.

ಮುಂದಿನ ವಾರ ಅಂಗಡಿಗೆ ಬಂದಾಗ ಅವರು ಏನನ್ನೂ ಮುಟ್ಟಲಿಲ್ಲ. ‘ಸಾವ್ಕಾರ್ರ, ಕಾರ್ಖಾನೀದು ನಂಬಲಿಲ್ಲ. ದೇವರು ಕೊಟ್ಟದ್ದೂ ಹಿಂಗ ಮಾಡ್ತು. ಇನ್ನ ನಾ ಏನ್ ತಗೊಳ್ಳಲಿ?’ ನಾನು ಅವರಿಗೆ ಸ್ಟೂಲು ಸರಿಸಿ, ಒಂದು ಸೊಳ್ಳೆಪರದೆ ಬಿಚ್ಚಿ ತೋರಿಸಿದೆ. ಬೆರಳಿನಿಂದ ಅದರ ಅಂಚು ತಿಕ್ಕುತ್ತ, ‘ಇದು ಬರೇ ಅರಿವಿ ಹೌದಲ್ರಿ?’ ಎಂದರು. ಹೌದೆಂದೆ. ಮತ್ತೆ ಕೇಳಿದರು.

ತೊಂಬತ್ತರ ದಶಕದಲ್ಲಿ ಪಣಜಿಯ ಏಜೆಂಟನೊಬ್ಬ ಹಸಿರೆಲೆಯ ಚಿತ್ರ ಅಚ್ಚಾದ ಸೋಪಿನ ಪುಡಿ ತಂದು, ಜನರಲ್ಲೀಗ ಪರಿಸರಪ್ರಜ್ಞೆ ಮೂಡಿದೆ, ಕಣ್ಣು ಮುಚ್ಚಿ ಕೊಳ್ಳುತ್ತಾರೆ ಎಂದ. ಮೂಡಿದ್ದೀತು. ಪೃಥ್ವಿಯ ಮೇಲಿನ ಪ್ರೇಮದಿಂದ ಸಂತೆ ಮಾಡುವ ಮಹನೀಯರೂ ಇದ್ದಾರು. ನಾನು ಕಂಡ ತಾಯಂದಿರ ಪೃಥ್ವಿ ಮಾತ್ರ ಒಂದು ಕೂಸಿನ ಎದೆಗೂಡಿನಷ್ಟೇ ಅಗಲ. ಅದು ಏರಿ ಇಳಿಯುವುದನ್ನೇ ನೋಡುತ್ತ ಅವರು ಕೈ ಚಾಚುತ್ತಾರೆ, ಸರಿಯಾದದ್ದನ್ನೂ ತಪ್ಪಾದದ್ದನ್ನೂ ಒಂದೇ ಭಯದಿಂದ ಮನೆಗೆ ಒಯ್ಯುತ್ತಾರೆ.