ಹಂಡೆರಾಯರ ತಿದ್ದುಪಡಿ

ಪಾತ್ರೆಗಳೇ ಪ್ರಜೆಗಳಾಗಿದ್ದ ಒಂದೂರಿನಲ್ಲಿ ಹಂಡೆರಾಯರೆಂಬ ಶಾಸಕರಿದ್ದರು. ಅವರು ಸಭೆಯಲ್ಲಿ ಒಮ್ಮೆ ಕೆಮ್ಮಿದರೆ ಮೂರು ಊರಿನಾಚೆ ಮುಚ್ಚಳಗಳು ಹಾರುತ್ತಿದ್ದವು. ನಂಬದವರು ಆ ಮುಚ್ಚಳಗಳನ್ನೇ ಕೇಳಬಹುದು. ಅವರ ಹೆಂಡತಿ ಸೇರಮ್ಮ ಅಕ್ಕಿ ಅಳೆಯುವ ಹಿತ್ತಾಳೆ ಸೇರು. ರಾಯರಿಗೆ ಸಿಟ್ಟು ಬಂದಾಗಲೆಲ್ಲ ಅವಳ ಬೆನ್ನು ಒಂದಿಷ್ಟು ಒಳಗೆ ಹೋಗುತ್ತಿತ್ತು. ಸಿಟ್ಟು ಬರಲು ಸಾರಿಗೆ ಉಪ್ಪು ಕಮ್ಮಿಯಾದರೂ ಸಾಕು, ಸರಿಯಾಗಿದ್ದರೂ ಸಾಕು.

ಆ ಊರಲ್ಲೊಂದು ಪದ್ಧತಿ. ಪಾತ್ರೆ ನೆಗ್ಗಿದರೆ, ನೆಗ್ಗಿದ ಮಗ್ಗುಲನ್ನು ಗೋಡೆಗೆ ಮಾಡಿ ಹಲಗೆಯ ಮೇಲೆ ನಿಲ್ಲಿಸುವುದು. ಹೀಗಾಗಿ ಊರಿನ ಮನೆಗಳೆಲ್ಲ ಥಳಥಳ.

ಕೊನೆಗೊಂದು ಮಸೂದೆ ಬಂತು. ಮನೆಯಲ್ಲಿ ನೆಗ್ಗಿಸಿಕೊಂಡವಳು ದೂರು ಕೊಟ್ಟರೆ, ನೆಗ್ಗಿಸಿದವನು ಆ ಮನೆಯ ಹೊಸಿಲು ತುಳಿಯುವಂತಿಲ್ಲ. ಸೇರಮ್ಮ ಬೆನ್ನನ್ನು ಗೋಡೆಗೆ ಕೊಟ್ಟು ಮಹಿಳೆಯರ ಗ್ಯಾಲರಿಯಲ್ಲಿ ಕೂತು ಮೈಯೆಲ್ಲ ಕಿವಿಯಾಗಿ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಹೊಸಿಲು.

ಹಂಡೆರಾಯರು ನಾಲ್ಕು ದಿನ ಮಾತಾಡಿದರು. ನಮ್ಮ ಸಂಸ್ಕೃತಿಯಲ್ಲಿ ನೆಗ್ಗೇ ಇಲ್ಲ ಎಂದರು. ಇದ್ದರೂ ಹಿಡಿಯಲು ಅನುಕೂಲ ಎಂದರು. ಮೂರನೆಯ ದಿನ ತಾಯಂದಿರನ್ನು ನೆನೆದು ಗಳಗಳ ಅತ್ತರು. ಆ ನೀರಲ್ಲಿ ಹಿಂದಿನ ಸಾಲಿನ ಲೋಟಗಳು ತೇಲಿದವು. ನಾಲ್ಕನೆಯ ದಿನ ಮಸೂದೆಯನ್ನು ಬೆಂಬಲಿಸಿ ಒಂದೇ ಒಂದು ತಿದ್ದುಪಡಿ ಕೊಟ್ಟರು: ಮನೆತನದ ಮರ್ಯಾದೆಗಾಗಿ, ವಿಚಾರಣೆಯಲ್ಲಿ ದೂರುದಾರಳನ್ನು ಹಿಂದೆ ತಿರುಗಿಸಿ ನೋಡಬಾರದು.

ಗದ್ದಲ ಹೆಚ್ಚಾದ ಕಡೆಗೆ ವಾಲುವ ಸಭಾಧ್ಯಕ್ಷ ತಕ್ಕಡಿಯಪ್ಪನವರು ವಾಲಿದರು. ಕಾನೂನಾಯಿತು.

ಮೊದಲ ದೂರು ಸೇರಮ್ಮನದೇ. ವಿಚಾರಣೆ ಸಭೆಯಲ್ಲೇ ನಡೆಯಿತು.

"ಎಲ್ಲಿ, ಏನೂ ಕಾಣುವುದಿಲ್ಲವಲ್ಲಮ್ಮ," ಎಂದರು ತಕ್ಕಡಿಯಪ್ಪ.

"ತಿರುಗಿಸುವುದು ಬೇಡ ಸ್ವಾಮಿ. ಸರ್ಕಾರಿ ಸೇರಿನಿಂದ ಒಂದು ಸೇರು ನೀರು ಹೊಯ್ಯಿರಿ."

ಹೊಯ್ದರು. ಮುಕ್ಕಾಲು ಸೇರಿಗೇ ಅವಳು ತುಂಬಿದಳು. ಉಳಿದ ನೀರು ಚೆಲ್ಲಿ, ಹರಿದು, ಹುಡುಕಿಕೊಂಡು ಹೋದಂತೆ ಹಂಡೆರಾಯರ ಬುಡದಲ್ಲಿ ನಿಂತಿತು.

ಆದರೆ ರಾಯರು ಅಷ್ಟಕ್ಕೆಲ್ಲ ಸೋಲುವ ಲೋಹವಲ್ಲ. "ಅಧ್ಯಕ್ಷರೇ, ನನ್ನಾಕೆ ಸರಿಯಾಗಿಯೇ ಇದ್ದಾಳೆ. ಸರ್ಕಾರಿ ಸೇರೇ ಉಬ್ಬಿದೆ. ಇನ್ನು ಮುಂದೆ ಇವಳೇ ರಾಜ್ಯದ ಅಳತೆಯಾಗಲಿ," ಎಂದರು. ಮೇಜುಗಳು ಗುದ್ದಿಸಿಕೊಂಡವು. ಅದೂ ಕಾನೂನಾಯಿತು.

ಸೇರಮ್ಮ ತಣ್ಣಗೆ ಕೇಳಿದಳು, "ಹಾಗಾದರೆ ನಾಳೆ ನಿಮಗೆಲ್ಲ ಅಕ್ಕಿ ಇನ್ನೂ ಕಮ್ಮಿಯಾದೀತಲ್ಲ ಸ್ವಾಮಿ. ಇವರು ಇವತ್ತು ಮನೆಗೆ ಬರುತ್ತಾರೆ."

ಸದಸ್ಯರೆಲ್ಲ ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. ಅರೆಗಳಿಗೆಯಲ್ಲಿ, ಚರ್ಚೆಯೇ ಇಲ್ಲದೆ, ರಾಜ್ಯದ ಅಳತೆಯ ಹತ್ತಿರ ಯಾವ ಹಂಡೆಯೂ ಸುಳಿಯಕೂಡದೆಂದು ಠರಾವಾಯಿತು. ಸೇರಮ್ಮನ ಹೊಸಿಲಿಗೆ ಎಂಟು ಸೌಟುಗಳ ಕಾವಲು ಬಿತ್ತು. ರಾಯರು ಛತ್ರ ಸೇರಿದರು.

ಮರುದಿನ ಬೆಳಿಗ್ಗೆ ತಕ್ಕಡಿಯಪ್ಪ ಸಭೆಯ ಬಾಗಿಲು ತೆಗೆದರೆ, ಊರಿನ ಸೇರು, ಪಾವು, ಚಟಾಕುಗಳೆಲ್ಲ ಹೊರಗೆ ಬೆನ್ನನ್ನು ಗೋಡೆಗೆ ಕೊಟ್ಟು ಸಾಲು ನಿಂತಿದ್ದವು. ದೂರು ಯಾರದೂ ಇರಲಿಲ್ಲ. ತಮ್ಮನ್ನೂ ರಾಜ್ಯದ ಅಳತೆ ಎಂದು ಬರೆದುಕೊಳ್ಳಬೇಕಂತೆ.