ತುಕ್ಕು ತಂಡದ ಫ್ರಿಜ್ಜು

ಕಿವಿ ಪರೀಕ್ಷೆಯವನಿಗೆ ದಿನವಿಡೀ ಒಂದೇ ಕೆಲಸ. ಗಾಜಿನ ಕೋಣೆಯೊಳಗೆ ಒಬ್ಬರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ತೊಡಿಸಿ, ಹೊರಗಿನಿಂದ ಕುಂಯ್, ಕೀಂಯ್ ಎಂದು ಸದ್ದು ಕಳಿಸುವುದು; ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು. ವಯಸ್ಸಾದವರು ಕೇಳಿಸದಿದ್ದರೂ ಮರ್ಯಾದೆಗೆಂದು ಒತ್ತುತ್ತಿದ್ದರು. ಸಂಜೆ ಮನೆಗೆ ಬಂದರೆ ಹೆಂಡತಿ ಅವನದೇ ಮೂಗುದನಿಯಲ್ಲಿ, "ಬಲಗಿವಿಗೆ ಕೇಳಿಸ್ತಾ? ಎಡಗಿವಿಗೆ? ಹಾಗಾದ್ರೆ ಗ್ಯಾಸ್ ಆರಿಸಿ" ಎನ್ನುತ್ತಿದ್ದಳು. ಅವನಿಗೆ ನಗುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಉಳಿದ ತ್ರಾಣವನ್ನೆಲ್ಲ ತುಕ್ಕು ತಿನ್ನುತ್ತಿತ್ತು. 'ತುಕ್ಕು' ಎಂದರೆ ಅವನು ಹುಟ್ಟುವ ಹೊತ್ತಿಗಾಗಲೇ ಮುರಿದುಬಿದ್ದಿದ್ದ ಪಂಕ್ ರಾಕ್ ತಂಡ. ಹೊರತಂದದ್ದು 'ಮೊಳೆ' ಎಂಬ ಒಂದೇ ಆಲ್ಬಂ. ಐಸ್‌ಕ್ರೀಮ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಂದೇ ಮೈಕು ನೇತುಹಾಕಿ ರೆಕಾರ್ಡ್ ಮಾಡಿದ್ದು. ಡ್ರಮ್ಮು ಖಾಲಿ ಡಬ್ಬ ಬಡಿದಂತೆ, ಹಾಡುಗಾರ ನೀರಿನ ಟ್ಯಾಂಕಿಗೆ ಬಿದ್ದು ನೆರೆಯವರನ್ನು ಕೂಗಿದಂತೆ ಕೇಳುತ್ತಿತ್ತು. ಎಲ್ಲದರ ಅಡಿಯಲ್ಲಿ ಗುಂಯ್ ಎಂಬ ಗೊಣಗು. ಅದು ಕೆಳಗಿನ ಅಂಗಡಿಯ ಫ್ರಿಜ್ಜು ಎಂಬುದು ಅಭಿಮಾನಿಗಳ ತೀರ್ಮಾನ. ತಂಡದಲ್ಲಿ ಕುಡಿಯದೆ ಬಂದದ್ದು ಅದೊಂದೇ ಎಂದು ಅವರವರಲ್ಲೇ ತಮಾಷೆ.

ಆ ಆಲ್ಬಮ್ಮನ್ನು ಅವನು ವರ್ಷಗಟ್ಟಲೆ ಮನೆಯ ಕಂಪ್ಯೂಟರಿನಲ್ಲಿ ತೊಳೆದಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಹಾಡುಗಾರನನ್ನು ಟ್ಯಾಂಕಿನಿಂದ ಎತ್ತಿದ, ಡಬ್ಬಕ್ಕೆ ಚರ್ಮ ಹೊದಿಸಿದ. ಫ್ರಿಜ್ಜನ್ನಂತೂ ಹಾಡು ಹಾಡಿನಿಂದಲೂ ಬೇರುಸಹಿತ ಕಿತ್ತ. ಇನ್ನು ಭಾನುವಾರ ಅಭಿಮಾನಿಗಳಿಗೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚಿ ಕೈತೊಳೆದುಕೊಳ್ಳುವುದೊಂದೇ ಬಾಕಿ.

ಆ ವಾರವೇ ಲಿಫ್ಟ್ ರಿಪೇರಿಯವರೊಬ್ಬರು ಕಂಪನಿಯ ಚೀಟಿ ಹಿಡಿದು ಕಿವಿ ತೋರಿಸಲು ಬಂದರು. ನರೆತ ಗಡ್ಡ, ಅಂಗಿಯ ತೋಳಿಗೆ ಗ್ರೀಸು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಜೋರು ಸದ್ದಿರೋ ಕಡೆ ಕೆಲಸ ಮಾಡಿದ್ದೀರಾ?" ಎಂದು ಎಲ್ಲರನ್ನೂ ಕೇಳುವಂತೆ ಕೇಳಿದ.

"ಲಿಫ್ಟು ಅಷ್ಟೇನೂ ಗಲಾಟೆ ಮಾಡಲ್ಲ. ಅದಕ್ಕೂ ಮುಂಚೆ ಒಂದು ಬ್ಯಾಂಡಲ್ಲಿ ಬೇಸ್ ಗಿಟಾರ್, ಅದೇ ದಪ್ಪ ಸ್ವರದ್ದು, ಬಾರಿಸ್ತಿದ್ದೆ. ತುಕ್ಕು ಅಂತ. ನಿಮಗೆ ಗೊತ್ತಿರಲ್ಲ ಬಿಡಿ."

ಪರೀಕ್ಷೆಯವನು ಎದ್ದು ನಿಂತ. ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತ.

ಪರೀಕ್ಷೆ ಮುಗಿಯಿತು. ಕೀಂಯ್ ಎನ್ನುವ ಸಣ್ಣ ದನಿಯ ಸದ್ದುಗಳು ಅವರಿಗೆ ಹೋಗಿಬಿಟ್ಟಿದ್ದವು. ದಪ್ಪ ಸದ್ದುಗಳಷ್ಟೇ ಉಳಿದಿದ್ದವು. ಅವನು ಫೋನಿನಿಂದ ತಾನು ತೊಳೆದ ಹಾಡೊಂದನ್ನು ಹಾಕಿ ಕೇಳಿಸಿದ. ಅವರು ಕಣ್ಣುಮುಚ್ಚಿ ಪೂರ್ತಿ ಕೇಳಿದರು.

"ಚೆನ್ನಾಗಿದೆ. ಬಚ್ಚಲು ಉಜ್ಜಿದ ಹಾಗಿದೆ," ಎಂದರು. "ನಾನೆಲ್ಲಿ?"

"ಬೇಸ್ ರೆಕಾರ್ಡೇ ಆಗಿಲ್ಲ ಸರ್. ತುಂಬಾ ಹುಡುಕಿದೆ."

"ಆಗಿದೆಯಪ್ಪಾ. ಮನೇಲಿರೋ ಹಳೇ ಕ್ಯಾಸೆಟ್ಟಲ್ಲಿ ಈಗ ನಂಗೆ ಕೇಳಿಸೋದೇ ನಾನೊಬ್ಬ. ಅವತ್ತು ತಂತಿ ಎಲ್ಲಾ ಕಿತ್ತೋಗಿ ಒಂದೇ ಉಳಿದಿತ್ತು. ಬೇರೆ ತರೋಕೆ ಯಾರ ಹತ್ರ ಏನಿತ್ತು? ಎಲ್ಲಾ ಹಾಡಿಗೂ ಅದನ್ನೇ ಬಾರಿಸಿದೆ." ಅವರು ತುಟಿ ಬಿಗಿದು, ಗಂಟಲಿಂದ ಗುಂಯ್ ಗುಂಯ್ ಎಂದು ತೆಗೆದು ತೋರಿಸಿದರು. ಥೇಟ್ ಅದೇ.

"ಸರ್, ಅದು ಫ್ರಿಜ್ಜು," ಎಂದ ಅವನು.

"ಯಾವ ಫ್ರಿಜ್ಜು?"

ಅವನು ಐಸ್‌ಕ್ರೀಮ್ ಅಂಗಡಿಯ ಕತೆಯನ್ನೆಲ್ಲ ಹೇಳಿದ.

"ಹಾಡು ನಿಂತಾಗ ಫ್ರಿಜ್ಜೂ ನಿಲ್ತಿತ್ತಲ್ಲ. ಯಾರಿಗೂ ಅನುಮಾನ ಬರಲಿಲ್ವಾ?"

"ಕರೆಂಟ್ ಹೋಯ್ತು ಅಂದ್ಕೊಂಡ್ವಿ."

"ಪ್ರತಿ ಹಾಡಿಗೂ?"

"ಅಭಿಮಾನಿಗಳು ಸರ್. ನಂಬಿಕೆ ಗಟ್ಟಿ."

ಲಿಫ್ಟಿನವರು ಬಾಗಿಲ ಕಡೆ ನೋಡಿದರು. "ಹೊರಗೆ ಕೂತಿದ್ದಾಳಲ್ಲ, ನಮ್ಮನೆಯವಳು. 'ನೀವು ಬಾರಿಸ್ತಿರಲಿಲ್ಲ, ಗಿಟಾರ್ ಕಾಯ್ತಾ ನಿಂತಿದ್ರಿ' ಅಂತಾಳೆ ನಂಗೆ, ಮದುವೆ ಆದಾಗಿನಿಂದ. ನೀವು ಹಾಡು ಹಾಕಿದಾಗ ಅವಳನ್ನ ಒಳಗೆ ಕರೀಬೇಕು ಅಂತಿದ್ದೆ." ಹೆಡ್‌ಫೋನಿನ ವೈರನ್ನು ಸುತ್ತಿ ಮೇಜಿನ ಮೇಲಿಟ್ಟರು. "ಇರ್ಲಿ ಬಿಡಿ. ಇಷ್ಟು ಕಷ್ಟಪಟ್ಟಿದ್ದೀರಿ. ಹೀಗೇ ಇರ್ಲಿ."

ಅವರು ಬೈದಿದ್ದರೆ ಅವನು ಹಾಗೇ ಹಂಚಿಬಿಡುತ್ತಿದ್ದನೇನೋ.

ಕಿತ್ತದ್ದನ್ನು ತಂದು ಅಂಟಿಸುವಂತಿರಲಿಲ್ಲ. ಹಳೆಯ ಟೇಪಿನಿಂದ, ಮೊದಲ ಹಾಡಿನಿಂದ, ಮತ್ತೆ ಶುರು. ಭಾನುವಾರ ಬಂತು, ಹೋಯಿತು. ಅಂಥ ಎಷ್ಟೋ ಭಾನುವಾರಗಳು ಹೋದವು. ಗೊಣಗಿನ ಸದ್ದು ಏರಿಸಿದರೆ ಹಾಡುಗಾರ ಮತ್ತೆ ಟ್ಯಾಂಕಿಗೆ ಬೀಳುತ್ತಿದ್ದ. ಅವನ ಕಣ್ಣ ಕೆಳಗಿನ ಚೀಲಗಳಲ್ಲಿ ಒಂದು ವಾರದ ತರಕಾರಿ ಹಿಡಿಯುತ್ತಿತ್ತು.

"ಒಗೆದ ಬಟ್ಟೆಗೆ ಮತ್ತೆ ಮಣ್ಣು ಹಚ್ತಿದ್ದೀರಾ?" ಎಂದಳು ಹೆಂಡತಿ.

"ಮಣ್ಣಲ್ಲ, ಮನುಷ್ಯ."

"ಹಾಗಾದ್ರೆ ಊಟಕ್ಕೆ ಕರೀರಿ. ಇಷ್ಟು ದಿನದಿಂದ ನಮ್ಮನೇಲೇ ಇದ್ದಾರೆ."

ಕೊನೆಗೊಂದು ದಿನ ಅವನು ಅದನ್ನು ಹಂಚಿದ. 'ಇದು ಫ್ರಿಜ್ಜಲ್ಲ, ಬೇಸ್ ಗಿಟಾರ್. ಬಾರಿಸಿದವರೇ ಹೇಳಿದ್ದು' ಎಂದು ಬರೆದ. ಖುಷಿಯಾಗುತ್ತದೆಂದು ಕಾದ, ನಿದ್ದೆ ಬಂತು.

ಲಿಫ್ಟಿನವರು ಶ್ರವಣಯಂತ್ರ ಒಯ್ಯಲು ಬಂದ ದಿನ ಕೇಳಿದ ಮೊದಲ ಮಾತು, "ಜನ ಏನಂದ್ರು?"

ಪರೀಕ್ಷೆಯವನು ಸುಳ್ಳು ಹೇಳಲು ಬಾಯಿ ತೆರೆದ. ಸುಳ್ಳಿಗೂ ಒಂದಿಷ್ಟು ಕಸುವು ಬೇಕು.

"ಬೈತಿದ್ದಾರೆ ಸರ್."

"ನಿಮ್ಮನ್ನಾ?"

"ನನ್ನನ್ನ ಸ್ವಲ್ಪ. ಹೆಚ್ಚಾಗಿ ನಿಮ್ಮನ್ನ. ಈಗ ಎಲ್ಲಾ ಹಾಡಲ್ಲೂ ನೀವು ಕೇಳಿಸ್ತೀರಲ್ಲ."

ಲಿಫ್ಟಿನವರು ಎದ್ದು ಬಾಗಿಲು ತೆರೆದರು. "ಬಾರೇ ಇಲ್ಲಿ. ನನ್ನನ್ನ ಬೈದಿದ್ದಾರಂತೆ." ಹೆಂಡತಿಗೆ ಕುರ್ಚಿ ಎಳೆದು ಕೊಟ್ಟು, ತಾವೂ ಪಕ್ಕದಲ್ಲಿ ಕೂತರು. "ಓದಿ. ಅವಸರ ಬೇಡ."

ಅವನು ಫೋನು ತೆಗೆದು ಓದಿದ. "'ಫ್ರಿಜ್ಜೇ ವಾಸಿಯಿತ್ತು. ಈ ಮಹಾನುಭಾವನಿಗೆ ಬರುತ್ತಿದ್ದದ್ದು ಒಂದೇ ಸ್ವರವೇ? ಯಾವ ಹಾಡಿಗೆ ಹೋದರೂ ಎದುರಿಗೆ ಬಂದು ನಿಲ್ಲುತ್ತಾನೆ, ತಪ್ಪಿಸಿಕೊಳ್ಳಲಿಕ್ಕೇ ಆಗುವುದಿಲ್ಲ.'"

"ಒಂದೇ ತಂತಿ ಇತ್ತು ಕಣೇ," ಎಂದರು ಲಿಫ್ಟಿನವರು.

"ಸುಮ್ನಿರಿ, ಅವ್ರು ಓದ್ಲಿ," ಎಂದು ಆಕೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಮುಂದೆ?"