ಒಂದರ ನಂಬರಿನ ಜೀಪು

"ಹನ್ನೆರಡು ವರ್ಷ ಇದ್ರ ಮೇಲೆ ಕುಂಡಿ ಊರಿ ಊರಿ ಹಳ್ಳ ಬೀಳ್ಸಿದ್ದೀರಲ್ಲ, ಈಗ ಕಿತ್ತು ಕೆಳಗಿಡೋಕೆ ಕೈ ಸೇದೋಗೈತಾ? ಎಳೀರೇ ಮುಂಡೇವಾ."

ಒನೊದೆರಾ ಯಜಮಾನ ಜೀಪಿನ ಹಿಂಬಾಗಿಲ ಬಳಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಒಳಗೆ ಹಿಸಾಯೊ ಮಂಡಿಯೂರಿ, ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ತಿರುಗಿಸುತ್ತಿದ್ದಳು. ಅವಳ ಬೆನ್ನಿಗೆ ಮಿತ್ಸುಯೆ ಸೀಟಿನ ಕಾಲು ಹಿಡಿದು ಎಳೆಯುತ್ತಿದ್ದಳು. ಉಳಿದ ಹೆಂಗಸರು ಹೊರಗೆ ನಿಂತು, ಬಿಚ್ಚಿಕೊಂಡು ಬಂದದ್ದನ್ನು ಹೊರುತ್ತಿದ್ದರು. ಎಲ್ಲ ಸೇರಿ ಆರು ಜನ. ಜಪಾನಿನ ಹೊಕ್ಕಾಯ್ದೊ ಕಡೆ ಇಂಥ ದಿನಗೂಲಿ ಹೆಂಗಸರನ್ನು ದೆಮೆನ್ ಅನ್ನುತ್ತಾರೆ. ಬೆಳಗಾದರೆ ಯಜಮಾನನ ಗಾಡಿ ಬಂದು ಹತ್ತಿಸಿಕೊಂಡು ಹೋಗುತ್ತದೆ, ಕತ್ತಲಾದರೆ ತಂದು ಬಿಡುತ್ತದೆ. ಗಾಡಿ ಬರದ ದಿನ ಕೂಲಿಯೂ ಇಲ್ಲ.

"ಯಾಕೆ ಯಜಮಾನ್ರೇ, ಸೀಟು ಏನು ಪಾಪ ಮಾಡ್ತು?" ಎಂದಳು ಮಿತ್ಸುಯೆ.

"ನಿನ್ನ ತಲೆಗೆ ಹೋಗೋ ಮಾತಲ್ಲ ಬಿಡು. ನಂಬರು ಮೂರರಿಂದ ಶುರುವಾದ್ರೆ ಜನ ಕೂರೋ ಗಾಡಿ, ತೆರಿಗೆ ನನ್ನ ಚರ್ಮ ಸುಲೀತದೆ. ಒಂದರಿಂದ ಶುರುವಾದ್ರೆ ಸರಕು ಗಾಡಿ, ತೆರಿಗೆ ಕಳ್ಳೆಪುರಿ ದುಡ್ಡು. ಹಿಂದೆ ಸೀಟಿರಬಾರದು, ಅಷ್ಟೇ."

"ಮತ್ತೆ ನಾವು?" ಎಂದಳು ತೋಮೆಯಕ್ಕ.

"ಸೀಟಿಲ್ಲ ಅಂದ್ರೆ ನಿಮಗೆ ಕುಂಡಿ ಇಲ್ವಾ? ಕೆಳಗೆ ಕೂತ್ಕಳಿ. ಆಗದವರು ಮನೇಲೇ ಕೂತ್ಕಳಿ."

ತೋಮೆಯಕ್ಕ ಎಪ್ಪತ್ತಕ್ಕೆ ಬಂದವಳು. ಹಿಂದೊಮ್ಮೆ ಇದೇ ಯಜಮಾನನ ಸಕ್ಕರೆ ಬೀಟಿನ ಲಾರಿಯಿಂದ ಬಿದ್ದು ಅವಳ ಸೊಂಟ ನೆಲಕ್ಕೆ ಕೂರುವಷ್ಟು ಮಡಚದಂತಾಗಿತ್ತು. ಎಡಗಡೆಯ ಕಿಟಕಿ ಪಕ್ಕದ ಸೀಟು ಅವಳದು. ಯಾರೂ ಕೊಟ್ಟದ್ದಲ್ಲ, ಆದರೆ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಆ ಸೀಟಿನ ಬೋಲ್ಟನ್ನೇ ಈಗ ಹಿಸಾಯೊ ಬಿಚ್ಚುತ್ತಿದ್ದಳು. ಬೇಡ ಅನ್ನಿಸಿದರೂ ಕೈ ತಿರುಗಿಸುತ್ತಲೇ ಇತ್ತು. ಕೂಲಿಯವರ ಕೈಗೆ ಅದೊಂದು ಕೆಟ್ಟ ಅಭ್ಯಾಸ.

"ಬೋಲ್ಟು ಗುಜರಿಗೆ ಬಿಸಾಕು" ಎಂದ ಯಜಮಾನ. ಒಳ್ಳೆಯ ಕಬ್ಬಿಣ ಬಿಸಾಡಿ ಅವಳಿಗೆ ಗೊತ್ತಿರಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದರಲ್ಲಿ ಗಂಟು ಹಾಕಿಕೊಂಡಳು.

ಸೀಟುಗಳನ್ನು ಯಜಮಾನನ ಜಗಲಿಗೆ ಹೊತ್ತು ಹಾಕಿದರು. ಇಳಿಸಿದ ಮರುಗಳಿಗೆಯಲ್ಲೇ ಅವನ ನಾಯಿ ಗೊರೊ ಹಾರಿ, ತೋಮೆಯಕ್ಕನ ಸೀಟಿನ ಹಳ್ಳದಲ್ಲಿ ಸುತ್ತು ಹಾಕಿ ಮಲಗಿತು.

ತೋಮೆಯಕ್ಕ ನೋಡಿ, "ಅಳತೆ ಕೊಟ್ಟು ಹೊಲಿಸಿದಂಗೈತೆ" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆಮೇಲೆ ಸೊಂಟ ಹಿಡಿದುಕೊಂಡು ನಡೆದೇ ಮನೆಗೆ ಹೋದಳು.

ಜೀಪನ್ನು ಪಟ್ಟಣದ ಸಾರಿಗೆ ಕಚೇರಿಗೆ ತೋರಿಸಲು ಒಯ್ಯುವಾಗ ಒರೆಸಿ ಫಳಫಳಿಸಲು ಒಬ್ಬ ಆಳು ಬೇಕಿತ್ತು. ಯಜಮಾನ ಹಿಸಾಯೊಳನ್ನು ಕರೆದ. ಮುಂದಿನ ಸೀಟಿನಲ್ಲಿ ಗೊರೊ ಕೂತಿತ್ತು. ಹಿಂದೆ ಕೂತರೆ ಅದಕ್ಕೆ ವಾಂತಿ ಬರುತ್ತದಂತೆ. ಹಿಸಾಯೊ ಹಿಂದೆ ಬರೀ ತಗಡಿನ ಮೇಲೆ ಕೂತಳು. ಗುಡ್ಡದ ಒಂದೊಂದು ತಿರುವಿಗೂ ಈ ಗೋಡೆಯಿಂದ ಆ ಗೋಡೆಗೆ ಉರುಳಿದಳು. ವಾಂತಿ ಅವಳಿಗೂ ಬಂತು, ಕೇಳುವವರಿರಲಿಲ್ಲ.

ಕಚೇರಿಯ ಅಧಿಕಾರಿ ಬಿಳಿ ಕೈಗವಸು ಹಾಕಿಕೊಂಡು ಅಳತೆ ಪಟ್ಟಿ ಹಿಡಿದು ಬಂದ. ಹಿಂಬಾಗಿಲು ಅಳೆದ. ಮುಂದಿನ ಸೀಟಿನ ಜಾಗ ಅಳೆದ, ಹಿಂದಿನ ಜಾಗ ಅಳೆದ.

"ಜನರಿಗಿಂತ ಸರಕಿಗೆ ಜಾಗ ಹೆಚ್ಚಿರಬೇಕು. ಕಾನೂನು ಅದು" ಎಂದ.

ಯಜಮಾನನ ಹೊಲದಲ್ಲಿ ಈ ಕಾನೂನು ಮೊದಲಿನಿಂದಲೂ ನಡೆಯುತ್ತಿತ್ತು. ಈರುಳ್ಳಿಗೆ ಬೆಚ್ಚನೆಯ ಗೋದಾಮಿತ್ತು, ಹೆಂಗಸರು ಹಿಮಕ್ಕೆ ನಿಂತು ಬುತ್ತಿಯ ಅನ್ನದುಂಡೆ ತಿನ್ನುತ್ತಿದ್ದರು. ಹಿಸಾಯೊ ಗಾಜು ಒರೆಸಿದಳು.

"ಸೀಟಿನ ಬೋಲ್ಟು ಕೂರುವ ತೂತುಗಳನ್ನು ಮುಚ್ಚಿದ್ದೀರಾ? ಸೀಟು ಮತ್ತೆ ಹಾಕುವ ಹಾಗಿರಬಾರದು."

"ಬಲವಾಗಿ ಮುಚ್ಚಿದ್ದೀನಿ ಸಾರ್." ಬೆಳಗ್ಗೆ ಹಿಸಾಯೊ ಕೈಯಲ್ಲೇ ಅಗ್ಗದ ಪುಟ್ಟಿ ಮೆತ್ತಿಸಿ, ಮೇಲೆ ಬಣ್ಣ ಹೊಡೆಸಿದ್ದ.

"ಏನು ಸಾಗಿಸ್ತೀರಿ?"

"ಈರುಳ್ಳಿ ಸಾರ್."

"ಜನ?"

"ಜನಾನಾ?" ಯಜಮಾನ ಸುತ್ತ ನೋಡಿದ. ಹಿಸಾಯೊಳ ಕಡೆಗೂ ನೋಡಿದ. "ಒಂದು ನರಪಿಳ್ಳೇನೂ ಇಲ್ಲ."

"ಮತ್ತೆ ಈ ಹೆಂಗಸು ಹೇಗೆ ಬಂದರು?"

"ನಡ್ಕೊಂಡು ಬಂದ್ಲು ಸಾರ್."

ಮಧ್ಯೆ ಎರಡು ಗುಡ್ಡ, ಒಂದು ಸುರಂಗ. ಅಧಿಕಾರಿ ಅವಳ ರಬ್ಬರ್ ಬೂಟು ನೋಡಿದ, ಕಾಗದ ನೋಡಿದ. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ. ಇಲ್ಲಿ ಮೂರು ಹೋಗಿ ಒಂದು ಬಂತು. ಮುದ್ರೆ ಬಿತ್ತು, ಹೊಸ ನಂಬರಿನ ಹಲಗೆ ಬಂತು.

ಯಜಮಾನ ಖುಷಿಯಲ್ಲಿ ಗೊರೊಗೆ ಒಂದು ಸುಟ್ಟ ಮೀನು ಕೊಡಿಸಿದ.

ಈರುಳ್ಳಿ ಕೊಯ್ಲು ಬಂತು. ಯಂತ್ರ ಹಿಂದಿನ ವಾರವೇ ಕಿತ್ತು, ಸಾಲು ಸಾಲಾಗಿ ಹೊಲದಲ್ಲೇ ಒಣಗಲು ಬಿಟ್ಟಿತ್ತು. ಮಳೆ ಬೀಳುವುದರೊಳಗೆ ಆರಿಸಿ ತುಂಬಬೇಕು, ನೆಂದರೆ ಬೆಳೆಯೆಲ್ಲ ಕೊಳೆತಂತೆಯೇ. ಆ ದಿನಗಳಲ್ಲಿ ಯಜಮಾನನ ಬಾಯಲ್ಲಿ ಒಂದೇ ಮಂತ್ರ: "ಮೆತ್ತಗಿಡ್ರೇ. ಜಜ್ಜಿದ್ರೆ ಕೊಳೀತದೆ. ನಿಮ್ಮ ಮೈಗಿಂತ ಅದಕ್ಕೆ ಬೆಲೆ ಜಾಸ್ತಿ."

ಹೆಂಗಸರು ದಿನಾ ತಗಡಿನ ಮೇಲೆ ಕೂತು ಹೋಗುತ್ತಿದ್ದರು. ತೋಮೆಯಕ್ಕನಿಗೆ ಕೂರಲಾಗದು, ಮಲಗಿಯೇ ಹೋಗಬೇಕು. ಹಿಸಾಯೊ ತನ್ನ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಸಂಜೆ ಇಳಿಯುವಾಗ ಮುದುಕಿಯ ಮುಖ ಕಪ್ಪಿಡುತ್ತಿತ್ತು. ನಾಳೆ ಬರ್ತೀಯಾ ಅಂತ ಯಾರೂ ಕೇಳುತ್ತಿರಲಿಲ್ಲ. ಬರದಿದ್ದರೆ ಚಳಿಗಾಲಕ್ಕೆ ಅಕ್ಕಿ ಎಲ್ಲಿಂದ?

ಮೋಡ ಕವಿದ ಒಂದು ಬೆಳಗ್ಗೆ, ಠಾಣೆಯ ತಿರುವಿಗೆ ಮುಂಚೆ ಯಜಮಾನ ಕೂಗಿದ. "ಪೊಲೀಸ್ನೋನು ನಿಂತವ್ನೆ. ಎಲ್ಲ ಮಲಗಿ, ಟಾರ್ಪಾಲು ಎಳ್ಕಳಿ. ಉಸಿರು ಬಿಟ್ರೆ ನೋಡಿ."

ಆರೂ ಜನ ಒಬ್ಬರ ಮೇಲೊಬ್ಬರು ಬಿದ್ದು ಟಾರ್ಪಾಲು ಎಳೆದುಕೊಂಡರು. ಜೀಪು ನಿಂತಿತು. ಹಿಂಬಾಗಿಲು ತೆರೆದುಕೊಂಡಿತು.

"ಏನು ಒನೊದೆರಾ, ಒಂದರ ನಂಬರಾ? ಒಳಗೇನು?" ಎಂದಿತು ಪೇದೆಯ ದನಿ.

"ಈರುಳ್ಳಿ ಸಾರ್."

ಲಾಠಿಯ ತುದಿ ಟಾರ್ಪಾಲಿನ ಮೇಲೆ ಓಡಾಡಿತು. ಹಿಸಾಯೊಳ ಪಕ್ಕೆಗೆ ಒಮ್ಮೆ ತಿವಿಯಿತು, ತೋಮೆಯಕ್ಕನ ಸೊಂಟಕ್ಕೆ ಒಮ್ಮೆ ತಿವಿಯಿತು. ತೋಮೆಯಕ್ಕ ಹಿಸಾಯೊಳ ತೋಳು ಕಚ್ಚಿ ಹಿಡಿದಳು.

"ಮೆತ್ತಗಿದೆಯಲ್ಲ."

"ಹೊಸಾ ತಳಿ ಸಾರ್."

ಪೇದೆಗೆ ಎಲ್ಲ ಗೊತ್ತಿತ್ತು. ಪ್ರತಿವರ್ಷ ಅವನ ಮನೆಗೆ ಯಜಮಾನನ ಈರುಳ್ಳಿ ಮೂಟೆ ಹೋಗುತ್ತಿತ್ತು. ಅವನು ತಿವಿದದ್ದು ಮೋಜಿಗೆ. ಇನ್ನೊಮ್ಮೆ ತಿವಿಯಲು ಲಾಠಿ ಎತ್ತುವಷ್ಟರಲ್ಲಿ ಮಿತ್ಸುಯೆ, ಹಿಂದಿನ ರಾತ್ರಿ ತಿಂದಿದ್ದ ಮೂಲಂಗಿ ಉಪ್ಪಿನಕಾಯಿಯ ಪ್ರಭಾವದಿಂದ, ಒಂದು ಹೂಸು ಬಿಟ್ಟಳು. ಸಣ್ಣದಲ್ಲ. ಟಾರ್ಪಾಲು ಒಂದಿಷ್ಟು ಮೇಲೆದ್ದು ಇಳಿಯಿತು ಅಂತ ಆಮೇಲೆ ಅವಳೇ ಹೇಳಿಕೊಂಡಳು.

ಪೇದೆ ಎರಡು ಹೆಜ್ಜೆ ಹಿಂದೆ ಸರಿದ. "ಕೊಳೆತಿರೋ ಹಾಗಿದೆಯಪ್ಪ."

"ಒಂದೆರಡು ಕೊಳೆತಿರ್ತವೆ ಸಾರ್. ಈ ಸಾರಿ ಕೊಯ್ಲು ಮುಗಿದ ಮೇಲೆ ಆರಿಸಿ ಬಿಸಾಕ್ತೀನಿ."

ಬಾಗಿಲು ಮುಚ್ಚಿತು, ಜೀಪು ಹೊರಟಿತು. ಟಾರ್ಪಾಲಿನ ಕೆಳಗೆ ಐವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂಗು ಮುಚ್ಚಿಕೊಂಡು ನಗುವುದು ಎಷ್ಟು ಕಷ್ಟ ಅಂತ ಅವತ್ತೇ ಗೊತ್ತಾದದ್ದು. ತೋಮೆಯಕ್ಕ ಮಾತ್ರ ನಗಲಿಲ್ಲ.

"ಅದು ನನ್ನೇ ಅಂದಿದ್ದು" ಎಂದಳು.

"ಏನು?"

"ಆರಿಸಿ ಬಿಸಾಕ್ತೀನಿ ಅಂದ್ನಲ್ಲ. ನನ್ನೇ."

ನಗು ನಿಂತಿತು. ಕತ್ತಲಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಹಿಸಾಯೊಳಿಗೆ ಮೈಯೆಲ್ಲ ಉರಿಯಿತು. ಈ ಮುದುಕಿಯ ಸೊಂಟ ಮುರಿದದ್ದು ಇವನ ಲಾರಿಯಲ್ಲಿ, ಅವಳ ಸೀಟಲ್ಲಿ ಇವನ ನಾಯಿ, ಈಗ ಕೊಳೆತವಳು ಇವಳು.

ಮಿತ್ಸುಯೆ ನಿಧಾನವಾಗಿ ಅಂದಳು: "ಅಲ್ಲ ಕಣ್ರೇ, ಕಚೇರೀಲಿ ಒಪ್ಪವ್ರೆ, ಪೊಲೀಸ್ನೋನೂ ಒಪ್ಪವ್ನೆ. ನಾವು ಈರುಳ್ಳಿ."

"ಹಂಗಾದ್ರೆ ಈರುಳ್ಳಿ ಇದ್ದಂಗೇ ಇರೋಣ" ಎಂದಳು ಹಿಸಾಯೊ.

ಹೊಲದ ಬದುವಿನಲ್ಲಿ ಯಜಮಾನ ಹಿಂಬಾಗಿಲು ತೆರೆದ. ಪೂರ್ವದ ಕಡೆ ಆಕಾಶ ಒಲೆ ಮೇಲಿನ ಪಾತ್ರೆಯ ತಳದಂತೆ ಕಪ್ಪಾಗಿತ್ತು. ಮಧ್ಯಾಹ್ನದೊಳಗೆ ಮಳೆ ಖಂಡಿತ.

"ಇಳೀರಿ ಇಳೀರಿ. ಬೇಗ."

ಟಾರ್ಪಾಲು ಅಲುಗಲಿಲ್ಲ. ಅವನು ಅದನ್ನು ಎಳೆದು ಬಿಸಾಡಿದ. ಆರು ಜನ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ಏನ್ರೇ, ಸತ್ತೋದ್ರಾ?"

"ಈರುಳ್ಳಿ ತಾನಾಗೇ ಇಳಿಯಲ್ಲ ಯಜಮಾನ್ರೇ" ಎಂದಳು ಹಿಸಾಯೊ. "ಇಳಿಸ್ಕೋಬೇಕು."

ಬೈದ. ಅವರ ತಾಯಂದಿರನ್ನು ಬೈದ, ಅಜ್ಜಿಯರನ್ನು ಬೈದ, ಸತ್ತ ಗಂಡಂದಿರನ್ನೂ ಬಿಡಲಿಲ್ಲ. ಎಮ್ಮೆ ಮೇಲೆ ಮಳೆ ಸುರಿದಂತಾಯಿತು. ಬೇರೆ ಆಳು ತರ್ತೀನಿ ಅಂದ. "ತನ್ನಿ. ಕೂರ್ಸೋಕೆ ಸೀಟಿಲ್ಲ, ಮೂಟೆ ಹಂಗೆ ಜೋಡಿಸ್ಬೋದು" ಎಂದಳು ಮಿತ್ಸುಯೆ. ಕೊಯ್ಲಿನ ವಾರದಲ್ಲಿ ಆಳು ಯಾವ ಮರದಲ್ಲಿ ಬಿಡುತ್ತದೆ ಅಂತ ಅವನಿಗೂ ಗೊತ್ತಿತ್ತು.

ಕೊನೆಗೆ ತೋಮೆಯಕ್ಕನ ಕಂಕುಳಿಗೆ ಕೈ ಹಾಕಿ ಎತ್ತಿದ. ಮುದುಕಿ ಮೈ ಸಡಿಲ ಬಿಟ್ಟಳು. ಅವನು ಅವಳನ್ನು ತಬ್ಬಿ ಹಿಡಿದು, ಗಾಲಿ ಗುರುತಿನ ಹಳ್ಳದಲ್ಲಿ ಎಡವುತ್ತ ನಡೆದ.

"ಮೆತ್ತಗೆ" ಎಂದಳು ತೋಮೆಯಕ್ಕ ಅವನ ಕಿವಿಯಲ್ಲಿ. "ಜಜ್ಜಿದ್ರೆ ಕೊಳೀತೀನಿ."

ಅವನು ಮೆತ್ತಗಿಟ್ಟ. ಕೈಗೆ ರೂಢಿಯಾಗಿತ್ತೋ, ಹೆದರಿಕೆಯೋ. ಆಮೇಲೆ ಹಿಸಾಯೊಳನ್ನು ಹೊತ್ತ, ಇನ್ನು ಮೂವರನ್ನು ಹೊತ್ತ. ಮಿತ್ಸುಯೆಯನ್ನು ಹೊರಲಾಗದೆ ಟಾರ್ಪಾಲಿನ ಮೇಲೆ ಉರುಳಿಸಿ ಎಳೆದ. ಅವಳು ದಾರಿಯುದ್ದಕ್ಕೂ ಆಕಾಶ ನೋಡುತ್ತ, "ಸುಖವಾಗೈತೆ" ಅನ್ನುತ್ತಿದ್ದಳು. ಗೊರೊ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ ಇದನ್ನೆಲ್ಲ ಗಂಭೀರವಾಗಿ ನೋಡಿತು.

ಇಳಿಸಿ ಮುಗಿದಾಗ ಯಜಮಾನನ ಎದೆ ತಿದಿಯಂತೆ ಏರಿಳಿಯುತ್ತಿತ್ತು. "ಆಯ್ತಲ್ಲ ನಿಮ್ಮ ಆಟ. ಈಗ ಎದ್ದು ಆರಿಸ್ರೇ."

ಆರು ಜನ ಈರುಳ್ಳಿ ಸಾಲುಗಳ ನಡುವೆ, ಇಟ್ಟಲ್ಲೇ ಇದ್ದರು.

"ಈರುಳ್ಳೀನ ಈರುಳ್ಳಿ ಆರಿಸ್ತದಾ?" ಎಂದಳು ಹಿಸಾಯೊ.

ಯಜಮಾನ ಆಕಾಶ ನೋಡಿದ. ಸಾಲಾಗಿ ಬಿದ್ದಿದ್ದ ವರ್ಷದ ಬೆಳೆ ನೋಡಿದ. ದನಿ ಇಳಿಯಿತು. "ಏನು ಬೇಕ್ರವ್ವಾ ನಿಮ್ಗೆ?"

"ಸೀಟು."

"ಸೀಟು ಹಾಕಿದ್ರೆ ಒಂದರ ನಂಬರು ಹೋಗ್ತದೆ."

"ಹೋಗ್ಲಿ. ಇಲ್ದಿದ್ರೆ ಈರುಳ್ಳಿ ಹೋಗ್ತದೆ."

ಅವನು ಜೀಪು ಹತ್ತಿ ಧೂಳೆಬ್ಬಿಸಿ ಹೋದ. ಹೆಂಗಸರು ಮಲಗಿಯೇ ಕಾದರು. ಬರ್ತಾನಾ ಅಂತ ಒಬ್ಬಳು ಕೇಳಿದಳು. ಪೊಲೀಸ್ನೋನನ್ನ ಕರ್ಕೊಂಡು ಬರ್ತಾನೆ ಅಂತ ಇನ್ನೊಬ್ಬಳು. ಹಿಸಾಯೊಳಿಗೆ ಭಯವಾಗಿತ್ತು. ಈ ಚಳಿಗಾಲ, ಮುಂದಿನ ವಸಂತ, ಯಾವ ಗಾಡಿಯೂ ತಮ್ಮ ಮನೆ ಮುಂದೆ ನಿಲ್ಲದೆ ಹೋಗಬಹುದು. ಅಂದಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ ಬಟ್ಟೆಯ ಗಂಟನ್ನು ಅವಳು ಬಿಚ್ಚಿ ಬೋಲ್ಟುಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ತಣ್ಣಗಿದ್ದವು. ಅವು ಜೊತೆಗಿದ್ದದ್ದಕ್ಕೆ ಸ್ವಲ್ಪ ಧೈರ್ಯ ಬಂತು.

ಜೀಪು ವಾಪಸು ಬಂತು. ಹಿಂದೆ ಸೀಟುಗಳು ತುರುಕಿದ್ದವು. ತೋಮೆಯಕ್ಕನ ಸೀಟಿನ ಹಳ್ಳದಲ್ಲಿ ಗೊರೊ ಕೂತಿತ್ತು, ಇಳಿಯಲು ಒಪ್ಪದೆ ಯಜಮಾನನಿಗೇ ಹಲ್ಲು ಕಿರಿಯುತ್ತಿತ್ತು. ಕೊನೆಗೆ ಕಾಲು ಹಿಡಿದು ಎಳೆದು ಹಾಕಿದ. ಮಂಡಿಯೂರಿ, ಉಗುರಿನಿಂದ ಪುಟ್ಟಿ ಕೆರೆದು ತೂತು ಹುಡುಕಿದ.

"ಬೋಲ್ಟು?"

"ಗುಜರಿಗೆ ಹಾಕು ಅಂದಿದ್ರಲ್ಲ" ಎಂದಳು ಹಿಸಾಯೊ. ಹೊಟ್ಟೆಯ ಮೇಲಿನಿಂದ ಒಂದನ್ನು ಎತ್ತಿ ಎಸೆದಳು. ಅವನು ಎದ್ದು ಬಂದು ಮಣ್ಣಿನಿಂದ ಹೆಕ್ಕಿಕೊಂಡು ಹೋಗಿ ಬಿಗಿದ. ಬಂದು ಇನ್ನೊಂದು ಹೆಕ್ಕಿಕೊಂಡ. ಮತ್ತೊಂದು.

ದಪ್ಪ ಹನಿ ಬಿತ್ತು, ತೋಮೆಯಕ್ಕನ ಹಣೆಯ ಮೇಲೆ. ಇನ್ನೊಂದು ಈರುಳ್ಳಿಯ ಸಿಪ್ಪೆಯ ಮೇಲೆ ಟಪ್ಪೆಂದಿತು.

"ಮಳೆ ಕಣ್ರೇ. ಟಾರ್ಪಾಲು ಹೊದಿಸ್ರೇ, ನಿಮ್ಮ ದಮ್ಮಯ್ಯ" ಎಂದ ಯಜಮಾನ ಜೀಪಿನೊಳಗಿಂದ.

ಮಿತ್ಸುಯೆ ಎದ್ದು ಕೂತು, ತನ್ನನ್ನು ಎಳೆದು ತಂದ ಟಾರ್ಪಾಲಿನ ಅಂಚು ಹಿಡಿದಳು. ಈರುಳ್ಳಿಯ ಕಡೆ ನೋಡಿದಳು. ಆಮೇಲೆ ಅದನ್ನು ಆರೂ ಜನರ ಮೇಲೆ ಎಳೆದುಕೊಂಡು ಮಲಗಿದಳು.

"ಕೊನೇ ಬೋಲ್ಟು ಕೊಡೇ" ಎಂದು ಕೂಗಿದ ಅವನು. "ಕಿಟಕಿ ಪಕ್ಕದ್ದು. ಅದೊಂದೇ ಬಾಕಿ."

ಟಾರ್ಪಾಲಿನ ಮೇಲೆ ಮಳೆ ಜೋರಾಯಿತು. ಕೆಳಗೆ, ಹಿಸಾಯೊ ಆ ಬೋಲ್ಟನ್ನು ತೋಮೆಯಕ್ಕನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ನಿನ್ನ ಸೀಟಿಂದು. ಯಾವಾಗ ಕೊಡ್ತೀಯೋ ನೋಡು."

ತೋಮೆಯಕ್ಕ ಮುಷ್ಟಿ ಬಿಗಿ ಮಾಡಿದಳು. ಹೊರಗೆ ಯಜಮಾನ ಮಳೆಯಲ್ಲಿ ನಿಂತು, ಟಾರ್ಪಾಲಿನ ಮುಂದೆ ಕೈಚಾಚಿಕೊಂಡಿದ್ದ.